ಮೂವತ್ತು ಮಕ್ಕಳು, ಆರು ಚೆಂಡು: ಜುವಾರಿನಗರದ ಯುವ ಕೋಚ್‌ಗೆ ಉತ್ತರ

ಪ್ರಶ್ನೆ: ನನಗೆ 23 ವರ್ಷ. ಹುಟ್ಟಿ ಬೆಳೆದದ್ದು ಗೋವಾದ ವಾಸ್ಕೊ ಪಕ್ಕದ ಜುವಾರಿನಗರದಲ್ಲಿ. ತಂದೆ ತಾಯಿ ಬಾಗಲಕೋಟೆ ಜಿಲ್ಲೆಯ ಹುನಗುಂದ ಕಡೆಯವರು. ಅಪ್ಪ ಗೌಂಡಿ ಕೆಲಸ ಮಾಡುತ್ತಾರೆ. ಇಲ್ಲಿನ ಕೆಳ ಡಿವಿಷನ್ ಲೀಗ್‌ನಲ್ಲಿ ಎರಡು ಋತು ಆಡಿದೆ. ಆಮೇಲೆ ಬಲ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು, ಆಟ ಅಲ್ಲಿಗೆ ನಿಂತಿತು. ಬಿ.ಕಾಂ. ಮುಗಿಸಿ ವೆರ್ಣಾದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದೇನೆ. ವಾರಕ್ಕೆ ನಾಲ್ಕು ಸಂಜೆ ನಮ್ಮ ಓಣಿಯ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. 30 ಮಕ್ಕಳು, 6 ಚೆಂಡು, ಗರಸಿನ ಮೈದಾನ. ಇದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ. ಯಾವ ಕೋರ್ಸ್ ಮೊದಲು ಮಾಡಬೇಕು? ಕೆಲಸ ಬಿಡಬೇಕೇ? ದೊಡ್ಡ ಕ್ಲಬ್‌ಗೆ ಆಡದವನನ್ನು ಯಾರಾದರೂ ಕೋಚ್ ಎಂದು ಒಪ್ಪುತ್ತಾರೆಯೇ? ನಮ್ಮ ಎಷ್ಟೋ ಮಕ್ಕಳ ಬಳಿ ಜನನ ಪ್ರಮಾಣಪತ್ರವೇ ಇಲ್ಲ, ಟೂರ್ನಿಗೆ ಹೆಸರು ಕೊಡಲು ಆಗುತ್ತಿಲ್ಲ. ಅಪ್ಪ "ಚೆಂಡು ಒದ್ದರೆ ಒಲೆ ಉರಿಯುತ್ತದೆಯೇ" ಎನ್ನುತ್ತಾರೆ. ಇನ್ನೊಂದು ಮಾತು: ಇಬ್ಬರು ಹುಡುಗಿಯರು ದಿನವೂ ಕಟ್ಟೆಯ ಮೇಲೆ ಕುಳಿತು ನೋಡುತ್ತಾರೆ. ಅವರನ್ನು ಆಟಕ್ಕೆ ಕರೆಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮೊದಲು ಅಡಿಗೆರೆ ಎಳೆದದ್ದು "30 ಮಕ್ಕಳು, 6 ಚೆಂಡು" ಎಂಬ ಮಾತಿಗೆ. ಕೋರ್ಸು, ಕೆಲಸ, ಸಂಬಳ ಎಲ್ಲಕ್ಕೂ ಬರುತ್ತೇನೆ. ಆದರೆ ನಾಳೆ ಯಾರಾದರೂ ನಿಮ್ಮನ್ನು ಕೋಚ್ ಎಂದು ನೇಮಿಸಿಕೊಳ್ಳುವ ಮೊದಲು ಮೈದಾನದ ಅಂಚಿನಲ್ಲಿ ನಿಂತು ನೋಡುವುದು ಆ ಮೂವತ್ತು ಮಕ್ಕಳಿಂದ ನೀವು ಒಂದೂವರೆ ಗಂಟೆ ಏನು ಮಾಡಿಸುತ್ತೀರಿ ಎಂಬುದನ್ನು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಾನು ಧಾರವಾಡದಿಂದ ಗೋವಾಕ್ಕೆ ಬಂದು ಕಿರಿಯರ ತಂಡಗಳಿಗೆ ಕಲಿಸಲು ಹಿಡಿದ ಮೊದಲ ವರ್ಷಗಳಲ್ಲಿ ಮಾಡುತ್ತಿದ್ದ ತಪ್ಪನ್ನು ನೀವೂ ಮಾಡುತ್ತಿರಬಹುದು. ಮಕ್ಕಳನ್ನು ಹದಿನೈದು ಹದಿನೈದರ ಎರಡು ಸಾಲಿನಲ್ಲಿ ನಿಲ್ಲಿಸುವುದು, ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಚೆಂಡು ಓಡಿಸಿಕೊಂಡು ಹೋಗಿ ಬರುವುದು. ನೋಡಲು ಅಚ್ಚುಕಟ್ಟು. ದಾರಿಯಲ್ಲಿ ಹೋಗುವವರು ನಿಂತು ಮೆಚ್ಚುತ್ತಾರೆ. ಈಗ ಲೆಕ್ಕ ಹಾಕಿ. ಒಬ್ಬ ಮಗುವಿಗೆ ಹೋಗಿ ಬರಲು 20 ಸೆಕೆಂಡು. ಹದಿನೈದು ನಿಮಿಷದಲ್ಲಿ ಒಂದು ಸಾಲಿನಲ್ಲಿ 45 ಸರದಿಗಳು, ಅಂದರೆ ಪ್ರತಿ ಮಗುವಿಗೆ ಮೂರು ಸರದಿ. ಹದಿನೈದು ನಿಮಿಷದಲ್ಲಿ ಆ ಮಗುವಿನ ಕಾಲಿಗೆ ಚೆಂಡು ಸಿಕ್ಕಿದ್ದು ಒಂದೇ ಒಂದು ನಿಮಿಷ. ಉಳಿದ ಹದಿನಾಲ್ಕು ನಿಮಿಷ ಅದು ಮುಂದಿನವನ ಅಂಗಿ ಎಳೆಯುತ್ತ ನಿಂತಿದೆ. ಮೇಲಾಗಿ ಆ ಒಂದು ನಿಮಿಷದಲ್ಲಿ ಎದುರಾಳಿ ಇಲ್ಲ, ಜೊತೆಗಾರ ಇಲ್ಲ, ಗೋಲು ಇಲ್ಲ. ಕೋನ್ ಯಾವತ್ತೂ ಚೆಂಡು ಕಸಿದುಕೊಳ್ಳಲು ಬರುವುದಿಲ್ಲ.

ಅದೇ ಮೂವತ್ತು ಮಕ್ಕಳಿಗೆ, ಅದೇ ಆರು ಚೆಂಡಿನಲ್ಲಿ, ಹೀಗೆ ಮಾಡಿ ನೋಡಿ. ಮೈದಾನದಲ್ಲಿ ಸುಮಾರು 25 ಮೀಟರ್ ಉದ್ದ, 15 ಮೀಟರ್ ಅಗಲದ ಮೂರು ಅಂಕಣಗಳನ್ನು ಸುಣ್ಣದಲ್ಲಿ ಎಳೆಯಿರಿ. ಸುಣ್ಣ ಇಲ್ಲದಿದ್ದರೆ ಚಪ್ಪಲಿಗಳನ್ನಿಟ್ಟರೂ ನಡೆಯುತ್ತದೆ. ಪ್ರತಿ ಅಂಕಣದಲ್ಲಿ ನಾಲ್ವರಿಗೆ ನಾಲ್ವರು, ಗೋಲ್‌ಕೀಪರ್ ಇಲ್ಲದ ಚಿಕ್ಕ ಗೋಲುಗಳು. ಅಲ್ಲಿಗೆ 24 ಮಕ್ಕಳಾದರು. ಉಳಿದ ಆರು ಮಂದಿ ಪಕ್ಕದಲ್ಲಿ ಎಂಟು ಮೀಟರಿನ ಚೌಕದಲ್ಲಿ ರೊಂಡೊ ಆಡಲಿ: ನಾಲ್ವರು ಚೆಂಡು ಉಳಿಸಿಕೊಳ್ಳುವವರು, ಇಬ್ಬರು ನಡುವೆ ನಿಂತು ಕಸಿಯುವವರು. ನಾಲ್ಕು ಚೆಂಡು ಆಟದಲ್ಲಿ, ಎರಡು ನಿಮ್ಮ ಕಾಲಬಳಿ. ಒಂದು ಚರಂಡಿಗೆ ಬಿದ್ದರೆ ಇನ್ನೊಂದನ್ನು ಒಳಗೆ ಎಸೆಯಬಹುದು. ಆರು ನಿಮಿಷಕ್ಕೊಮ್ಮೆ ಆರು ತಂಡಗಳಿಂದ ಒಬ್ಬೊಬ್ಬರು ಹೊರಬಂದು ರೊಂಡೊಗೆ ಹೋಗಲಿ, ರೊಂಡೊದಲ್ಲಿದ್ದವರು ಅವರ ಜಾಗಕ್ಕೆ ಬರಲಿ. ಅರ್ಧ ಗಂಟೆಯಲ್ಲಿ ಪ್ರತಿ ಮಗುವೂ ಒಮ್ಮೆ ರೊಂಡೊ ಆಡಿ, ನಾಲ್ಕು ಸಲ ಪಂದ್ಯ ಆಡಿರುತ್ತದೆ. ಯಾರೂ ಸಾಲಿನಲ್ಲಿ ನಿಂತಿರುವುದಿಲ್ಲ. ಹತ್ತರ ಹುಡುಗರಿಗೂ ಹದಿಮೂರರವರಿಗೂ ಒಂದೇ ಅಂಕಣ ಬೇಡ. ವಯಸ್ಸು, ಮೈಕಟ್ಟು ನೋಡಿ ಹಂಚಿ. ಎಂಟು ವರ್ಷದ ಒಳಗಿನವರಿಗೆ ಮೂರನೆಯ ಅಳತೆಯ ಚೆಂಡು, ಹನ್ನೆರಡರವರೆಗೆ ನಾಲ್ಕನೆಯದು, ಆಮೇಲೆ ಐದು. ನಿಮ್ಮ ಬಳಿಯ ಆರೂ ಐದನೆಯ ಅಳತೆಯವು ಎಂದು ನನ್ನ ಊಹೆ. ಮುಂದಿನ ಸಲ ಕೊಳ್ಳುವಾಗ ನಾಲ್ಕನೆಯ ಅಳತೆಯವನ್ನು ಕೊಳ್ಳಿ.

ಆಟ ನಡೆಯುವಾಗ ನೀವು ಏನು ಮಾಡಬೇಕು? ನನಗೆ ತುಂಬ ತಡವಾಗಿ ತಿಳಿದದ್ದು ಇದು: ಬಾಯಿ ಮುಚ್ಚಿಕೊಂಡು ನೋಡುವುದನ್ನು ಕಲಿಯಬೇಕು. "ಪಾಸ್ ಕೊಡು, ಹೊಡಿ, ಹಿಂದೆ ಬಾ" ಎಂದು ಕೋಚ್ ಒಂದೇ ಸಮನೆ ಕೂಗಿದರೆ ಮಗು ಮೈದಾನವನ್ನು ನೋಡುವುದನ್ನೇ ಬಿಟ್ಟು ನಿಮ್ಮ ದನಿಗಾಗಿ ಕಾಯುತ್ತದೆ. ಒಂದು ಸಂಜೆಗೆ ಒಂದೇ ವಿಷಯ ಇಟ್ಟುಕೊಳ್ಳಿ. ಇವತ್ತು, ಚೆಂಡು ಬರುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡುವುದು. ಆ ವಿಷಯ ಕಣ್ಣಿಗೆ ಬಿದ್ದಾಗ ಮಾತ್ರ ಆಟ ನಿಲ್ಲಿಸಿ, ಎಲ್ಲರೂ ಇದ್ದಲ್ಲೇ ನಿಲ್ಲಲಿ, ಆ ಹುಡುಗನನ್ನು ಕೇಳಿ: "ನಿನ್ನ ಬೆನ್ನ ಹಿಂದೆ ಯಾರಿದ್ದರು?" ಗೊತ್ತಿಲ್ಲ ಎಂದರೆ ತಿರುಗಿ ನೋಡಲಿ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿ ಆಟ ಮುಂದುವರಿಸಿ. ಒಂದು ಗಂಟೆಯಲ್ಲಿ ಹೀಗೆ ಮೂರು ನಾಲ್ಕು ಸಲ ನಿಲ್ಲಿಸಿದರೆ ಸಾಕು. ಕೋರ್ಸುಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ಪರೀಕ್ಷಕರು ನೋಡುವುದೂ ಇದನ್ನೇ: ಯಾವಾಗ ನಿಲ್ಲಿಸಿದ, ಸರಿಯಾದ ತಪ್ಪನ್ನು ಹಿಡಿದನೇ, ಎಷ್ಟು ಬೇಗ ಆಟ ಮರಳಿ ಆರಂಭಿಸಿದ.

ಮಂಡಿಯ ಕಾರಣಕ್ಕೆ ಮಾಡಿ ತೋರಿಸಲು ಆಗದಿದ್ದರೆ ಚಿಂತೆ ಬೇಡ. ಚೆನ್ನಾಗಿ ಮಾಡುವ ಮಗುವನ್ನೇ ಕರೆದು ತೋರಿಸಲು ಹೇಳಿ. ಮಕ್ಕಳಿಗೆ ತಮ್ಮ ವಯಸ್ಸಿನವರು ಮಾಡಿದ್ದು ಬೇಗ ಹತ್ತುತ್ತದೆ. ನಿಮ್ಮ ಗಾಯದಿಂದ ಈ ಮಕ್ಕಳಿಗೆ ಒಂದು ಲಾಭವೂ ಆಗಬಹುದು. ಫಿಫಾ ಸಿದ್ಧಪಡಿಸಿದ "11 ಪ್ಲಸ್" ಎಂಬ ವಾರ್ಮಪ್ ಇದೆ, ಇಪ್ಪತ್ತು ನಿಮಿಷದ್ದು. ಓಟ, ಒಂಟಿ ಕಾಲಿನ ಸಮತೋಲನ, ತೊಡೆಯ ಹಿಂಭಾಗದ ಬಲ, ಜಿಗಿದು ಮಂಡಿ ಒಳಕ್ಕೆ ವಾಲದಂತೆ ಇಳಿಯುವುದು, ಹೀಗೆ ಸಾಗುತ್ತದೆ. ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಕಡಿಮೆಯಾಗುತ್ತವೆ ಎಂದು ಹಲವು ಸಂಶೋಧನೆಗಳು ತೋರಿಸಿವೆ. ಏಳರಿಂದ ಹದಿಮೂರು ವರ್ಷದವರಿಗೆ ಅದರದೇ ಮಕ್ಕಳ ಆವೃತ್ತಿ ಇದೆ. ಖರ್ಚು ಒಂದು ಪೈಸೆಯೂ ಇಲ್ಲ. ನನ್ನ ಕೈಯಲ್ಲಿ ಆಡಿದ ಮೂವರು ಹುಡುಗರ ಮಂಡಿ ಹೋಯಿತು. ಆಗ ನನಗೆ ಇದು ಗೊತ್ತಿರಲಿಲ್ಲ. ಆ ಮೂವರ ಮುಖ ಇವತ್ತಿಗೂ ನನ್ನ ಕಣ್ಣೆದುರಿಗಿದೆ. ಹದಿಮೂರು ಹದಿನಾಲ್ಕರಲ್ಲಿ ಹುಡುಗರು ದಿಢೀರನೆ ಎತ್ತರವಾಗುವಾಗ ಮಂಡಿಯ ಕೆಳಗಿನ ಮೂಳೆಯ ಉಬ್ಬಿನಲ್ಲಿ ನೋವು ಎನ್ನುತ್ತಾರೆ. ಅದು ಮೈಗಳ್ಳತನವಲ್ಲ, ಬೆಳವಣಿಗೆಯ ನೋವು. ಜಿಗಿತ, ಓಟ ಕಡಿಮೆ ಮಾಡಿಸಿ, ಕಡಿಮೆಯಾಗದಿದ್ದರೆ ವೈದ್ಯರ ಬಳಿ ಕಳುಹಿಸಿ.

ಒಂದು ನೂರು ಪುಟದ ನೋಟ್‌ಬುಕ್ ಕೊಳ್ಳಿ. ಪ್ರತಿ ಸಂಜೆ ಯೋಜನೆಯ ಚಿತ್ರ, ಬಂದವರ ಹೆಸರು, ಏನು ನಡೆಯಿತು, ಏನು ನಡೆಯಲಿಲ್ಲ, ಇಷ್ಟನ್ನು ಬರೆಯಿರಿ. ವಾರಕ್ಕೊಮ್ಮೆ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಹತ್ತು ನಿಮಿಷ ಚಿತ್ರೀಕರಿಸಿ, ರಾತ್ರಿ ನೋಡಿ, ಮಕ್ಕಳನ್ನಲ್ಲ, ನಿಮ್ಮನ್ನು. ಎಷ್ಟು ಮಾತಾಡಿದಿರಿ, ಎಲ್ಲಿ ನಿಂತಿದ್ದಿರಿ, ಯಾವ ಮಗುವಿನ ಹೆಸರನ್ನು ಒಮ್ಮೆಯೂ ಕರೆಯಲಿಲ್ಲ. ಅದೇ ನೋಟ್‌ಬುಕ್ಕಿನಲ್ಲಿ ಎಲ್ಲರ ಹುಟ್ಟಿದ ತಿಂಗಳನ್ನೂ ಬರೆದಿಡಿ. ವಯೋಮಿತಿ ಜನವರಿ 1ಕ್ಕೆ ಕಟ್ಟಿರುತ್ತದೆ, ಆದ್ದರಿಂದ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಸುಮಾರು ಒಂದು ವರ್ಷ ದೊಡ್ಡವನು. ಹನ್ನೊಂದರ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಸುಮಾರು ಐದಾರು ಸೆಂಟಿಮೀಟರ್ ಎತ್ತರ. ಜಗತ್ತಿನಾದ್ಯಂತ ಕಿರಿಯರ ಆಯ್ಕೆಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಕಾಣುತ್ತಾರೆ. ಚುರುಕು ಎಂದು ನಾವು ಅಂದುಕೊಂಡದ್ದು ಎಷ್ಟೋ ಸಲ ಬರೀ ವಯಸ್ಸು. ನಿಮ್ಮ ಡಿಸೆಂಬರಿನ ಮಗುವನ್ನು ಈಗಲೇ ಬೆಂಚಿಗೆ ಕೂರಿಸಬೇಡಿ.

ಇನ್ನು ಕೋರ್ಸು. ಈ ಭಾಗ ಸರಳ. ಮೊದಲನೆಯದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್. ಹದಿನೆಂಟು ತುಂಬಿರಬೇಕು, ನಿಮಗೆ ತುಂಬಿದೆ. ಅದಾದ ಮೇಲೆ ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ನಿನ ಸಿ, ಬಿ, ಎ, ಕೊನೆಗೆ ಪ್ರೊ. ಒಂದರಿಂದ ಇನ್ನೊಂದಕ್ಕೆ ನಡುವೆ ಮೈದಾನದಲ್ಲಿ ಕೆಲಸ ಮಾಡಿರಬೇಕು. ಜೊತೆಗೆ ಗೋಲ್‌ಕೀಪಿಂಗ್ ಕೋಚ್, ಫಿಟ್‌ನೆಸ್ ಕೋಚ್ ಎಂಬ ಬೇರೆ ಸರಣಿಗಳೂ ಇವೆ. ಡಿ ಕೋರ್ಸುಗಳನ್ನು ರಾಜ್ಯ ಸಂಸ್ಥೆಗಳು ನಡೆಸುತ್ತವೆ. ಗೋವಾ ಫುಟ್‌ಬಾಲ್ ಅಸೋಸಿಯೇಷನ್ನಿನ ಪ್ರಕಟಣೆಗಳನ್ನು ನೋಡುತ್ತಿರಿ, ಸ್ಥಾನಗಳು ಬೇಗ ತುಂಬುತ್ತವೆ. ನನ್ನ ಸಲಹೆ: ಈ ವರ್ಷ ಡಿ, ಒಂದು ಪೂರ್ಣ ಋತು ಕಳೆದ ಮೇಲೆ ಸಿ. ಅದಕ್ಕಿಂತ ಅವಸರ ಬೇಡ. ಡಿ ಮುಗಿಸಿದ ಬೆನ್ನಿಗೇ ಸಿಗೆ ಓಡಿದವರನ್ನು ಬಲ್ಲೆ. ಕೋರ್ಸಿನಲ್ಲಿ ಹೇಳಿದ್ದನ್ನು ಹಚ್ಚಿ ನೋಡಲು ಅವರ ಬಳಿ ಮಕ್ಕಳೇ ಇರಲಿಲ್ಲ. ನಿಮ್ಮ ಬಳಿ ಮೂವತ್ತು ಮಂದಿ ಇದ್ದಾರೆ.

ದೊಡ್ಡ ಕ್ಲಬ್‌ಗೆ ಆಡದವನನ್ನು ಒಪ್ಪುತ್ತಾರೆಯೇ ಎಂದು ಕೇಳಿದ್ದೀರಿ. ಮೊದಲ ಹತ್ತು ನಿಮಿಷ ಒಪ್ಪದಿರಬಹುದು. ದೊಡ್ಡ ಹೆಸರಿನ ಆಟಗಾರ ಬಂದರೆ ಹುಡುಗರು ತಾವಾಗಿಯೇ ಸುಮ್ಮನಾಗುತ್ತಾರೆ, ನೀವು ಆ ಮೌನವನ್ನು ಗಳಿಸಬೇಕು. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಭಾರತದ ಅತಿ ದೊಡ್ಡ ಕೋಚ್ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನಲ್ಲಿ ಶಾಲಾ ಮಾಸ್ತರಾಗಿದ್ದವರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನ ಅವರ ಕೈಯಿಂದ ಬಂದವು. ಜರ್ಮನಿಯ ಯೂಲಿಯಾನ್ ನಾಗಲ್ಸ್‌ಮನ್ ಅವರಿಗೆ ಇಪ್ಪತ್ತರ ವಯಸ್ಸಿನಲ್ಲೇ ಮಂಡಿಯ ಗಾಯದಿಂದ ಆಟ ನಿಂತಿತು. ಅವರ ಕ್ಲಬ್ಬಿನ ಎರಡನೆಯ ತಂಡದ ಕೋಚ್ ಅವರನ್ನು ಎದುರಾಳಿಗಳ ಆಟ ನೋಡಿ ವರದಿ ಬರೆಯಲು ಕಳುಹಿಸಿದರು, ಅಲ್ಲಿಂದ ಕಿರಿಯರ ತಂಡಗಳಿಗೆ ಬಂದರು, 2016ರಲ್ಲಿ 28ರ ಹರೆಯದಲ್ಲಿ ಹಾಫನ್‌ಹೈಮ್ ತಂಡದ ಮುಖ್ಯ ಕೋಚ್ ಆದರು. ಆ ವರದಿ ಬರೆಯುವ ಕೆಲಸವನ್ನು ನೀವೂ ಮಾಡಬಹುದು. ವಾಸ್ಕೊದ ತಿಲಕ್ ಮೈದಾನ ನಿಮ್ಮ ಮನೆಯಿಂದ ದೂರವಿಲ್ಲ. ಲೀಗ್ ಪಂದ್ಯ ಇದ್ದಾಗ ಹೋಗಿ, ಒಂದೇ ತಂಡದ ಎಡ ಬ್ಯಾಕ್‌ನನ್ನು ತೊಂಬತ್ತು ನಿಮಿಷ ನೋಡಿ, ಒಂದು ಪುಟ ಬರೆಯಿರಿ.

ಹತ್ತಿರದ ಇಬ್ಬರ ಮಾತು ಹೇಳುತ್ತೇನೆ. ಖಾಲಿದ್ ಜಮೀಲ್ ಭಾರತಕ್ಕೆ ಆಡಿದವರು, ಗಾಯಗಳು ಅವರ ಆಟವನ್ನು ಬೇಗ ಮುಗಿಸಿದವು. 2009ರಲ್ಲಿ ಮುಂಬೈ ಎಫ್‌ಸಿಯ ಹೊಣೆ ಹೊತ್ತು, ಹಣ ಕಡಿಮೆ ಇದ್ದ ಆ ತಂಡದಲ್ಲಿ ವರ್ಷಗಟ್ಟಲೆ ನಿಂತರು. ಆಮೇಲೆ ಪುಟ್ಟ ಐಜೋಲ್ ಎಫ್‌ಸಿಯನ್ನು 2016-17ರಲ್ಲಿ ರಾಷ್ಟ್ರಮಟ್ಟದ ಲೀಗ್ ಆದ ಐ-ಲೀಗ್ ಚಾಂಪಿಯನ್ ಮಾಡಿದರು, 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆದರು. ಇನ್ನೊಬ್ಬರು ನಮ್ಮ ಗೋವಾದವರೇ ಆದ ಕ್ಲಿಫರ್ಡ್ ಮಿರಾಂಡ. ಡೆಂಪೊ ಕ್ಲಬ್ಬಿನಲ್ಲಿ ಆಡಿದವರು, ಎಫ್‌ಸಿ ಗೋವಾದಲ್ಲಿ ಸಹಾಯಕ ಕೋಚ್ ಆಗಿ ದುಡಿದರು. 2020ರಲ್ಲಿ ಮುಖ್ಯ ಕೋಚ್ ಋತುವಿನ ನಡುವೆ ಹೋದಾಗ ತಂಡವನ್ನು ನಡೆಸಿ ಲೀಗ್ ಹಂತದಲ್ಲಿ ಮೊದಲ ಸ್ಥಾನ ತಂದುಕೊಟ್ಟರು. 2023ರಲ್ಲಿ ಒಡಿಶಾ ಎಫ್‌ಸಿಯಲ್ಲಿ ಮತ್ತೆ ಮಧ್ಯಂತರ ಹೊಣೆ ಸಿಕ್ಕಾಗ ಸೂಪರ್ ಕಪ್ ಗೆದ್ದರು. ಎರಡು ಸಲವೂ ಅವಕಾಶ ಕರೆಯುವಾಗ ಅವರು ಅಲ್ಲೇ, ಎರಡನೆಯ ಕುರ್ಚಿಯಲ್ಲಿ, ಸಿದ್ಧರಾಗಿ ಕುಳಿತಿದ್ದರು. ಸಹಾಯಕನ ಕೆಲಸ ಸಿಕ್ಕರೆ ಚಿಕ್ಕದೆಂದು ಬಿಡಬೇಡಿ.

ಕೆಲಸ ಬಿಡಬೇಕೇ? ಈಗ ಬೇಡ. ಖಂಡಿತ ಬೇಡ. ಗೋವಾದ ಕ್ಲಬ್‌ಗಳ ಕಥೆ ನಿಮಗೂ ಗೊತ್ತಿರುತ್ತದೆ. 2007-08ರಿಂದ 2012-13ರವರೆಗೆ ಆರು ಋತು ಸತತವಾಗಿ ಐ-ಲೀಗ್ ಗೆದ್ದದ್ದು ಗೋವಾದ ತಂಡಗಳೇ: ಡೆಂಪೊ ಮೂರು ಸಲ, ಚರ್ಚಿಲ್ ಬ್ರದರ್ಸ್ ಎರಡು ಸಲ, ಸಾಲಗಾಂವಕರ್ ಒಂದು ಸಲ. 2016ರಲ್ಲಿ ಡೆಂಪೊ, ಸಾಲಗಾಂವಕರ್, ಸ್ಪೋರ್ಟಿಂಗ್ ಕ್ಲಬ್ ಮೂರೂ ಆ ಲೀಗಿನಿಂದ ಹೊರಬಂದವು. ಮುಂಬೈಯ ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು, ಎಫ್‌ಸಿ ಪುಣೆ ಸಿಟಿ 2019ರಲ್ಲಿ. 2025ರಲ್ಲಿ ದೇಶದ ಅತಿ ದೊಡ್ಡ ಲೀಗ್ ಆದ ಐಎಸ್‌ಎಲ್ ಋತುವೇ ಸಮಯಕ್ಕೆ ಆರಂಭವಾಗಲಿಲ್ಲ. ಇಂಥ ಪ್ರತಿ ಸುದ್ದಿಯ ಹಿಂದೆ ಕಿರಿಯರ ತಂಡದ ಕೋಚ್‌ಗಳು, ಫಿಸಿಯೊಗಳು, ಸಾಮಾನು ನೋಡಿಕೊಳ್ಳುವವರು ಇರುತ್ತಾರೆ; ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ನಾನೂ ಅಂಥವನಾಗಿದ್ದೆ. ನಾನು ಕೆಲಸ ಮಾಡುತ್ತಿದ್ದ ಒಂದು ಕ್ಲಬ್ ಜೂನ್ ತಿಂಗಳಲ್ಲಿ ಒಂದು ದಿನ ಬಾಗಿಲು ಹಾಕಿತು. ಮೂರು ತಿಂಗಳ ಸಂಬಳ ಬಾಕಿ ಇತ್ತು, ಬರಲೇ ಇಲ್ಲ. ಮಗಳು ಎರಡನೆಯ ತರಗತಿಯಲ್ಲಿದ್ದಳು. ಆ ಮಳೆಗಾಲದಲ್ಲಿ ನಮ್ಮ ಮನೆ ನಡೆದದ್ದು ಹೆಂಡತಿಯ ಹೊಲಿಗೆ ಯಂತ್ರದಿಂದ. ಮುಂದಿನ ಕೆಲಸ ಕೊಡಿಸಿದ್ದು ನನ್ನ ಲೈಸೆನ್ಸ್ ಅಲ್ಲ. ಹದಿನಾಲ್ಕರ ಒಳಗಿನ ತಂಡದಲ್ಲಿ ನನ್ನ ಕೈಯಲ್ಲಿ ಆಡಿದ್ದ ಹುಡುಗನೊಬ್ಬನ ಅಕ್ಕ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದರು. ಅವರು ಮುಖ್ಯೋಪಾಧ್ಯಾಯರ ಬಳಿ ನನ್ನ ಹೆಸರು ಹೇಳಿದರು.

ಆದ್ದರಿಂದ ಪ್ಯಾಕಿಂಗ್ ಕೆಲಸ ಇರಲಿ, ಸಾಧ್ಯವಾದರೆ ಬೆಳಗಿನ ಪಾಳಿ ಕೇಳಿ ಪಡೆಯಿರಿ. ಡಿ ಆದ ಮೇಲೆ ಶನಿವಾರ, ಭಾನುವಾರ ಶುಲ್ಕ ಪಡೆಯುವ ಯಾವುದಾದರೂ ಅಕಾಡೆಮಿಯಲ್ಲಿ ಸಹಾಯಕನಾಗಿ ಸೇರಿ; ಬೇರೆಯವರು ಹೇಗೆ ಕಲಿಸುತ್ತಾರೆ ಎಂದು ನೋಡಲು ಅದು ಬೇಕು. ಒಪ್ಪಂದವನ್ನು ಬರಹದಲ್ಲಿ ಕೇಳಿ. ಮಳೆಗಾಲದ ತಿಂಗಳುಗಳಿಗೆ ಸಂಬಳ ಉಂಟೇ, ಪ್ರಯಾಣ ಭತ್ಯೆ ಉಂಟೇ, ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆ ಕೇಳಲು ನಾಚಬೇಡಿ. ಸಿ ಕೈಗೆ ಬಂದು, ಕೋಚಿಂಗ್‌ನಿಂದ ಬರುವ ಹಣ ಒಂದು ವರ್ಷ ಪೂರ್ತಿ ಈಗಿನ ಸಂಬಳದ ಹತ್ತಿರ ನಿಂತರೆ ಆಗ ಕಾರ್ಖಾನೆ ಬಿಡುವ ಮಾತು.

ನಿಶ್ಚಿತ ಸಂಬಳದ ದಾರಿ ಶಾಲೆ. ಬಿ.ಕಾಂ. ಇರುವುದರಿಂದ ಎರಡು ವರ್ಷದ ಬಿ.ಪಿ.ಎಡ್. ಮಾಡಬಹುದು, ಪ್ರವೇಶಕ್ಕೆ ಕ್ರೀಡಾ ಪ್ರಮಾಣಪತ್ರಗಳನ್ನು ಕೇಳುತ್ತಾರೆ, ಲೀಗ್ ಮತ್ತು ಕಾಲೇಜು ತಂಡದ ಕಾಗದಗಳನ್ನು ಈಗಲೇ ಒಟ್ಟುಮಾಡಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಸರ್ಕಾರಿ ಕೋಚ್ ಹುದ್ದೆಗಳಿಗೆ ತೂಕ ಕೊಡುತ್ತದೆ. ಗೋವಾ ಸರ್ಕಾರದ ಹುದ್ದೆಗೆ ಹದಿನೈದು ವರ್ಷದ ವಾಸ ದೃಢೀಕರಣವೂ ಕೊಂಕಣಿಯ ತಿಳಿವಳಿಕೆಯೂ ಬೇಕು. ನೀವು ಇಲ್ಲೇ ಹುಟ್ಟಿದವರು, ಶಾಲೆ ಇಲ್ಲೇ ಓದಿದವರು. ಮಾಮ್ಲೇದಾರರ (ತಹಶೀಲ್ದಾರರ) ಕಚೇರಿಗೆ ಒಂದು ದಿನ ರಜೆ ಹಾಕಿ ಹೋಗಿ ಆ ಪತ್ರ ಮಾಡಿಸಿಟ್ಟುಕೊಳ್ಳಿ. ಕೊಂಕಣಿ ಮಾತಾಡಲು ಬಂದರೆ ಸಾಲದು, ಓದಲು ಬರೆಯಲು ಕಲಿಯಿರಿ.

ಕಾಗದದ ಮಾತು ಬಂದದ್ದರಿಂದ ಮಕ್ಕಳ ಜನನ ಪ್ರಮಾಣಪತ್ರಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಚೆನ್ನಾಗಿ ಆಡುವ ಮಗು ಹನ್ನೆರಡನೆಯ ವರ್ಷದಲ್ಲಿ ಒಂದು ಹಾಳೆ ಇಲ್ಲದ ಕಾರಣಕ್ಕೆ ಗೇಟಿನ ಹೊರಗೆ ಉಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಹೆಚ್ಚಾಗಿ ನಮ್ಮವರ ಮಕ್ಕಳೇ. ಫೆಡರೇಷನ್ನಿನ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಹೆಸರಿಲ್ಲದೆ ಅಧಿಕೃತ ಪಂದ್ಯವಿಲ್ಲ. ಜನನ ನೋಂದಣಿ ಆಗುವುದು ಹುಟ್ಟಿದ ಊರಿನಲ್ಲಿ, ಈಗ ವಾಸವಾಗಿರುವಲ್ಲಿ ಅಲ್ಲ. ನಮ್ಮ ಹೆಂಗಸರು ಹೆರಿಗೆಗೆ ತವರಿಗೆ ಹೋಗುತ್ತಾರೆ. ಆದ್ದರಿಂದ ಎಷ್ಟೋ ಮಕ್ಕಳ ದಾಖಲೆ ಹುನಗುಂದದಲ್ಲೋ ಕುಷ್ಟಗಿಯಲ್ಲೋ ಇದ್ದೀತು, ತಾಯಂದಿರು ಇಲ್ಲಿ ಹುಡುಕುತ್ತಿರುತ್ತಾರೆ. ಮೊದಲು ಪ್ರತಿ ತಾಯಿಯನ್ನು ಕೇಳಿ: ಹೆರಿಗೆ ಎಲ್ಲಿ ಆಯಿತು, ಆಸ್ಪತ್ರೆಯಲ್ಲೋ ಮನೆಯಲ್ಲೋ, ತಾಯಿ ಕಾರ್ಡ್ ಇದೆಯೇ? ಆಸ್ಪತ್ರೆಯ ಹೆರಿಗೆಯಾಗಿದ್ದರೆ ನೋಂದಣಿ ಆಗಿರುವ ಸಾಧ್ಯತೆಯೇ ಹೆಚ್ಚು, ಪ್ರತಿ ತೆಗೆಸಿದರೆ ಆಯಿತು. ಮಗುವಿನ ಹೆಸರು ಸೇರಿಸದೆ ಬಿಟ್ಟಿದ್ದರೆ ಸೇರಿಸಬಹುದು. ನೋಂದಣಿಯೇ ಆಗಿರದಿದ್ದರೆ, ಒಂದು ವರ್ಷ ದಾಟಿದ ಜನನಕ್ಕೆ ದಂಡಾಧಿಕಾರಿಯ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಅದನ್ನು ಕೊಡುತ್ತಾರೆ. ಊರ ಜಾತ್ರೆಗೋ ಯುಗಾದಿಗೋ ಕುಟುಂಬ ಹೇಗೂ ಊರಿಗೆ ಹೋಗುತ್ತದೆ. ಹೋಗುವ ಮೊದಲೇ ಬೇಕಾದ ಕಾಗದಗಳ ಪಟ್ಟಿ ಬರೆದು ಅವರ ಕೈಗೆ ಕೊಡಿ.

ಯಾರಾದರೂ "ಎರಡು ವರ್ಷ ಕಡಿಮೆ ಬರೆಸಿ ಕೊಡುತ್ತೇನೆ" ಎಂದರೆ ಅವರ ನೆರಳೂ ಮಕ್ಕಳ ಮೇಲೆ ಬೀಳದಂತೆ ನೋಡಿಕೊಳ್ಳಿ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪರೀಕ್ಷೆ ಇದೆ. ಸಿಕ್ಕಿಬಿದ್ದಾಗ ಹೊರಗೆ ಹೋಗುವುದು ಮಗು, ಬರೆಸಿಕೊಟ್ಟವನಲ್ಲ. ಜೊತೆಗೆ ಇಡೀ ಓಣಿಯ ಮಕ್ಕಳ ಮೇಲೆ ಸಂಶಯ ಬೀಳುತ್ತದೆ. ಘಟ್ಟದ ಆಚೆಯಿಂದ ಬಂದ ನಮ್ಮನ್ನು ಘಾಂಟಿ ಎಂದು ಹೀಯಾಳಿಸಿ ಕರೆಯುವವರು ಇಲ್ಲಿ ಇದ್ದೇ ಇದ್ದಾರೆ, ಅವರ ಬಾಯಿಗೆ ನಾವಾಗಿ ಮಾತು ಕೊಡುವುದು ಬೇಡ. ಹಾಗೆಂದು ಗೋವಾದ ಮೈದಾನದ ಬಗ್ಗೆ ಕಹಿ ಇಟ್ಟುಕೊಳ್ಳಬೇಡಿ. ನನಗೆ ಮೊದಲ ಸೀಟಿ, ಮೊದಲ ಕೋನ್‌ಗಳ ಗಂಟು ಕೊಟ್ಟವರು ಹಳ್ಳಿಯೊಂದರ ಚರ್ಚ್ ಮೈದಾನದಲ್ಲಿ ಕಲಿಸುತ್ತಿದ್ದ ಹಿರಿಯ ಗೋವನ್ ಕೋಚ್. ನನ್ನ ಊರು ಯಾವುದೆಂದು ಅವರು ಕೇಳಿದ್ದು ಎರಡು ವರ್ಷ ಕಳೆದ ಮೇಲೆ.

ಮಕ್ಕಳ ಸುರಕ್ಷತೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಚಿಕ್ಕ ವಿಷಯ ಎಂದಲ್ಲ. ಯಾವ ಮಗುವಿನೊಡನೆಯೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಮೈದಾನದಲ್ಲಿ ಯಾವಾಗಲೂ ಇನ್ನೊಬ್ಬ ವಯಸ್ಕರಿರಲಿ, ಒಬ್ಬ ತಾಯಿ ಬಂದು ಕುಳಿತರೂ ಸಾಕು. ಸಂದೇಶ ಕಳುಹಿಸುವುದಾದರೆ ತಂದೆ ತಾಯಿಗೆ ಕಳುಹಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ನಿಮ್ಮ ಕರ್ತವ್ಯ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ. ತಲೆಗೆ ಪೆಟ್ಟು ಬಿದ್ದ ಮಗು ಅಂದು ಮತ್ತೆ ಆಡಕೂಡದು. ಮಳೆಗಾಲದಲ್ಲಿ ಗುಡುಗು ಕೇಳಿದ ತಕ್ಷಣ ಎಲ್ಲರನ್ನೂ ಕಟ್ಟಡದ ಒಳಗೆ ಕಳುಹಿಸಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬಿಡಬೇಡಿ.

ಅಪ್ಪನ ಮಾತಿಗೆ ಸಿಟ್ಟಾಗಬೇಡಿ. ಬಿಸಿಲಲ್ಲಿ ಇಟ್ಟಿಗೆ ಇಟ್ಟು ನಿಮ್ಮನ್ನು ಬಿ.ಕಾಂ. ಓದಿಸಿದವರು ಒಲೆಯ ಬಗ್ಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅವರಿಗೆ ಕನಸನ್ನು ವಿವರಿಸಲು ಹೋಗಬೇಡಿ, ಲೆಕ್ಕ ತೋರಿಸಿ: ಈ ವರ್ಷ ಇಷ್ಟು ಖರ್ಚು, ಮುಂದಿನ ವರ್ಷ ಇಷ್ಟು ಆದಾಯ, ಸಂಬಳದ ಕೆಲಸ ಅಲ್ಲಿಯವರೆಗೆ ಬಿಡುವುದಿಲ್ಲ. ಒಂದು ಭಾನುವಾರ ಅವರನ್ನು ಮೈದಾನಕ್ಕೆ ಕರೆತಂದು ಅಂಕಣದ ಗೆರೆ ಎಳೆಯಲು ಸಹಾಯ ಕೇಳಿ. ಗೌಂಡಿಯ ಕೈಯ ದಾರ ಮತ್ತು ಮೂಲೆಮಟ್ಟದಷ್ಟು ನೇರವಾಗಿ ಮೂಲೆ ಹಿಡಿಯುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು.

ಕಟ್ಟೆಯ ಮೇಲೆ ಕುಳಿತ ಆ ಇಬ್ಬರು ಹುಡುಗಿಯರು. ಕರೆಯಬಹುದೇ ಎಂದು ಕೇಳಿದ್ದೀರಿ. ಇಷ್ಟು ದಿನ ಕರೆಯದೆ ಇದ್ದದ್ದಕ್ಕೆ ನನಗೆ ನೋವಾಯಿತು. 2022ರ ಅಕ್ಟೋಬರಿನಲ್ಲಿ ಹದಿನೇಳರ ಒಳಗಿನ ಹುಡುಗಿಯರ ವಿಶ್ವಕಪ್ಪಿನ ಎರಡೂ ಸೆಮಿಫೈನಲ್ ನಡೆದದ್ದು ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಫಾತೋರ್ಡಾದಲ್ಲಿ. ಹನ್ನೆರಡರ ಒಳಗಿನವರಾದರೆ ಹುಡುಗರೊಡನೆಯೇ ನಾಲ್ವರ ಆಟಕ್ಕೆ ಸೇರಿಸಿ, ಬೇರೆ ಅಂಕಣ ಬೇಡ. ಇಬ್ಬರನ್ನೂ ಮೊದಲ ದಿನ ಒಂದೇ ತಂಡಕ್ಕೆ ಹಾಕಿ. ಮೊದಲು ಅವರ ಮನೆಗೆ ಹೋಗಿ ತಾಯಂದಿರೊಡನೆ ಕನ್ನಡದಲ್ಲಿ ಮಾತಾಡಿ; ನಿಮ್ಮ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎಷ್ಟು ಗಂಟೆಗೆ ಆರಂಭ, ಎಷ್ಟು ಗಂಟೆಗೆ ಮುಗಿಯುತ್ತದೆ, ಮೈದಾನದಲ್ಲಿ ಯಾರಿರುತ್ತಾರೆ, ಯಾರು ಮನೆಗೆ ತಲುಪಿಸುತ್ತಾರೆ ಎಂದು ಹೇಳಿ. ಕತ್ತಲಾಗುವ ಮೊದಲು ಮುಗಿಸುತ್ತೇನೆ ಎಂದು ಮಾತು ಕೊಟ್ಟರೆ ಹಾಗೆಯೇ ಮುಗಿಸಿ. ಬೂಟು ಇಲ್ಲದಿದ್ದರೆ ಶಾಲೆಯ ಕ್ಯಾನ್ವಾಸ್ ಶೂ ಸಾಕು. ಒಪ್ಪಿದರೆ ನಿಮ್ಮ ಮಕ್ಕಳು 32 ಆಗುತ್ತಾರೆ, ರೊಂಡೊದಲ್ಲಿ ಆರರ ಬದಲು ಎಂಟು. ಅದನ್ನು ನಾಲ್ವರ ಎರಡು ಚೌಕ ಮಾಡಿ, ಮೂವರ ನಡುವೆ ಒಬ್ಬರು. ಆಟಕ್ಕೆ ಐದನೆಯ ಚೆಂಡು ಬೇಕಾಗುತ್ತದೆ, ನಿಮ್ಮ ಕಾಲಬಳಿ ಒಂದು ಉಳಿಯುತ್ತದೆ.